ಪಕ್ಕದವರ ಪ್ರಶ್ನೆ

ಟೀಚರಮ್ಮನ ಪೀರಿಯಡ್ಡಿನಲ್ಲಿ ಯಾರೂ ತಮ್ಮ ಪ್ರಶ್ನೆಯನ್ನು ತಾವೇ ಕೇಳುವಂತಿರಲಿಲ್ಲ. ಅದು ಅವರೇ ಮಾಡಿದ ಕಾನೂನು, ಅದರ ಬಗ್ಗೆ ಅವರಿಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ವಾರಕ್ಕೊಮ್ಮೆ, ಮಧ್ಯಾಹ್ನದ ಊಟ ಮುಗಿದು ಮಕ್ಕಳ ಕಣ್ಣು ಎಳೆಯುವ ಹೊತ್ತಿಗೆ, ಹತ್ತನೇ ತರಗತಿಗೆ ಈ ಪೀರಿಯಡ್ಡು. ಶಾಲೆ ಮುಗಿದ ಮೇಲೆ ಯಾವ ಓದು, ಯಾವ ಕೆಲಸ ಎಂದು ದಾರಿ ಹೇಳುವುದು ಟೀಚರಮ್ಮನ ಪಾಲಿಗೆ ಬಂದಿತ್ತು. ಮೊದಮೊದಲು ಅವರು ‘ಏನಾಗ್ತೀರಿ’ ಎಂದು ಕೇಳಿದರೆ ಇಡೀ ತರಗತಿ ಡಾಕ್ಟರು, ಇಂಜಿನಿಯರು ಎಂದು ಬಾಯಿಪಾಠ ಒಪ್ಪಿಸುತ್ತಿತ್ತು. ಮನಸ್ಸಿನಲ್ಲಿ ಇರುವುದನ್ನು ಹೇಳಿದರೆ ಪಕ್ಕದ ಬೆಂಚು ನಗುತ್ತದೆ ಎಂಬ ಅಂಜಿಕೆ. ಆಗ ಹೊಳೆದದ್ದು ಈ ಉಪಾಯ. ನಿನ್ನ ಪ್ರಶ್ನೆಯನ್ನು ಪಕ್ಕದವರ ಕಿವಿಯಲ್ಲಿ ಹೇಳು, ಅವರು ಇನ್ನೊಬ್ಬರಿಗೆ ದಾಟಿಸಲಿ, ಕೊನೆಗೆ ಯಾರೋ ಒಬ್ಬರು ಎದ್ದು ನಿಂತು ತಮ್ಮದೇ ಪ್ರಶ್ನೆ ಎಂಬಂತೆ ಕೇಳಲಿ. ಪ್ರಶ್ನೆ ಎಲ್ಲಿ ಹುಟ್ಟಿತು, ಎಷ್ಟು ಬೆಂಚು ದಾಟಿತು ಎಂದು ಟೀಚರಮ್ಮ ಒಂದು ದಿನವೂ ವಿಚಾರಿಸಿದವರಲ್ಲ. ಈ ಕಾನೂನು ಬಂದಮೇಲೆ ಮಕ್ಕಳ ಬಾಯಿಯ ಬೀಗ ಕಳಚಿತು. ಕಟ್ಟುಮಸ್ತಾದ ಹುಡುಗನೊಬ್ಬ ಎದ್ದು ಹೊಲಿಗೆ ಕಲಿಯುವುದೆಲ್ಲಿ ಎಂದು ಕೇಳಿದಾಗಲೂ ಯಾರೂ ನಗಲಿಲ್ಲ.

ಆ ದಿನ ಎದ್ದು ನಿಂತವಳು ಗಿಣಿ. ಪೇಂಟರನ ಮಗಳು, ಬಾಯಿ ಬಿಟ್ಟರೆ ಮುಚ್ಚುವುದು ಕಷ್ಟವಾದ್ದರಿಂದ ಆ ಹೆಸರು ಬಂದಿತ್ತು.

“ಟೀಚರ್, ನಂಗೆ ಲಿಫ್ಟ್ ರಿಪೇರಿ ಕೆಲಸ ಕಲೀಬೇಕು ಅಂತ ಆಸೆ. ಮಾರ್ಕ್ಸೂ ತುಂಬಾ ಚೆನ್ನಾಗಿ ಬರುತ್ತೆ ನಂಗೆ.”

ಗಿಣಿಯ ಮಾರ್ಕ್ಸು ಎಷ್ಟು ಕಡಿಮೆ ಎಂಬುದು ಜಗಜ್ಜಾಹೀರಾಗಿತ್ತು. ತರಗತಿ ಕಿಸಕ್ಕೆಂದಿತು.

“ನಗೋರೆಲ್ಲ ಕೆಟ್ಟು ನಿಂತ ಲಿಫ್ಟೊಳಗೆ ಒಂದ್ಸಲ ಸಿಕ್ಕಿಹಾಕ್ಕೊಳ್ಳಿ,” ಎಂದರು ಟೀಚರಮ್ಮ. “ಆಗ ಡಾಕ್ಟರನ್ನ ಕೂಗ್ತೀರೋ, ರಿಪೇರಿಯವರನ್ನ ಕೂಗ್ತೀರೋ ನೋಡೋಣ. ನೀನು ಹೇಳಮ್ಮ, ಕಷ್ಟ ಏನು?”

“ಆ ಕೆಲಸಕ್ಕೆ ಮಾರ್ಕ್ಸ್ ಯಾಕೆ ಬೇಕು ಅಂತಾರೆ ಎಲ್ರೂ. ಮನೇಲಿ ಅಮ್ಮ ಅಂತೂ ಒಪ್ಪೋದೇ ಇಲ್ಲ. ಏನ್ಮಾಡ್ಲಿ ಟೀಚರ್?”

ಟೀಚರಮ್ಮನಿಗೆ ಇಂಥ ಪ್ರಶ್ನೆ ಸಿಕ್ಕರೆ ಹುರುಪು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಸೆರಗು ಬಿಗಿದು ಮುಂದೆ ಬಂದರು.

“ಮಾರ್ಕ್ಸ್ ಬಂದೋರು ಕೈಕೆಲಸಕ್ಕೆ ಹೋಗಬಾರ್ದು ಅಂತ ಯಾವ ದೊಡ್ಡ ಮನುಷ್ಯ ಹೇಳಿದ? ತಲೆ ಇರೋರ ಕೈಗೇ ಸ್ಪ್ಯಾನರ್ ಕೊಡಬೇಕು. ನಿಮ್ಮಮ್ಮ ಒಪ್ಪಲ್ಲ ಅಂದ್ರೆ ಅದು ನಿಮ್ಮಮ್ಮನ ಹೆದರಿಕೆ, ನಿಂದಲ್ಲ. ಅವರ ಹೆದರಿಕೇನ ನೀನ್ಯಾಕೆ ಹೊರ್ತೀಯ? ಅವರನ್ನ ನನ್ನ ಹತ್ರ ಕರ್ಕೊಂಡು ಬಾ. ನಾನು ಮಾತಾಡ್ತೀನಿ. ಹೇಗೆ ಒಪ್ಪಲ್ಲ ನೋಡೇಬಿಡ್ತೀನಿ.”

ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಟೀಚರಮ್ಮನ ಸ್ವಂತ ಮಗಳು ಮಾತ್ರ ಕೆನ್ನೆಗೆ ಕೈಕೊಟ್ಟು ಸುಮ್ಮನೆ ಕೇಳಿಸಿಕೊಂಡಳು. ಟೀಚರಮ್ಮ ಅದನ್ನು ಗಮನಿಸಲಿಲ್ಲ.

*

ಅವರ ಮನೆ ಐದನೇ ಮಹಡಿಯಲ್ಲಿತ್ತು. ಕಟ್ಟಡದ ಲಿಫ್ಟು ಕೆಟ್ಟು ನಿಂತು ಕೆಲವು ವಾರಗಳೇ ಆಗಿದ್ದವು. ನೆಲಮಹಡಿಯಲ್ಲಿ ಬಾಯಿ ಅರೆತೆರೆದುಕೊಂಡು ನಿಂತ ಅದರೊಳಗೆ ಯಾರೋ ಮುರಿದ ಕುರ್ಚಿಯೊಂದನ್ನು ತಂದಿಟ್ಟಿದ್ದರು. ಗ್ಯಾಸ್ ಸಿಲಿಂಡರು, ತರಕಾರಿ, ಅಜ್ಜಿಯ ಔಷಧಿ, ಎಲ್ಲವೂ ಮೆಟ್ಟಿಲ ಮೇಲೆ. ಟೀಚರಮ್ಮನಿಗೆ ಇದರಿಂದ ವಿಶೇಷ ವ್ಯತ್ಯಾಸವೇನೂ ಆಗಲಿಲ್ಲ. ಲಿಫ್ಟು ಸರಿಯಿದ್ದಾಗಲೂ ಅವರು ಹತ್ತಿ ಇಳಿಯುತ್ತಿದ್ದುದು ಮೆಟ್ಟಿಲನ್ನೇ. ಕೇಳಿದರೆ ವ್ಯಾಯಾಮ ಎನ್ನುತ್ತಿದ್ದರು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಕೆಳಗೆ ನೋಡದೆ ಗೋಡೆಗೆ ಅಂಟಿಕೊಂಡೇ ಕೈ ಚಾಚುತ್ತಿದ್ದುದಕ್ಕೆ ಮಾತ್ರ ಯಾವ ಕಾರಣವನ್ನೂ ಕೊಟ್ಟಿರಲಿಲ್ಲ.

ಯಜಮಾನರು ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸದವರು. ಬೆಳಗಾಗುವ ಮೊದಲೇ ಹೊರಡಬೇಕಾದ್ದರಿಂದ ಆ ಮನೆಯಲ್ಲಿ ರಾತ್ರಿಯ ಊಟ ಸಂಜೆಗೇ ಮುಗಿಯುತ್ತಿತ್ತು. ತಟ್ಟೆಯಲ್ಲಿ ಎಂದಿನಂತೆ ಅವರು ತಂದ ಬ್ರೆಡ್ಡು, ಜೊತೆಗೆ ಬೇಳೆ, ಆಲೂಗಡ್ಡೆ.

“ಅಮ್ಮ, ಇವತ್ತು ಗಿಣಿ ಒಂದು ಪ್ರಶ್ನೆ ಕೇಳಿದ್ಲಲ್ಲ,” ಎಂದಳು ಮಗಳು. ಸಣಕಲು ಮೈಯವಳಾದ್ದರಿಂದ ಮನೆಯಲ್ಲಿ ಅವಳು ಕಡ್ಡಿ.

“ಸ್ಕೂಲಿನ ಮಾತು ಚಪ್ಪಲಿ ಜೊತೆ ಹೊರಗೆ ಅಂತ ಹೇಳಿಲ್ವಾ? ಊಟ ಮಾಡು.”

“ಆ ಪ್ರಶ್ನೆ ನಂದು.”

ಬೇಳೆ ಬಡಿಸುತ್ತಿದ್ದ ಸೌಟು ಅರ್ಧದಲ್ಲೇ ನಿಂತಿತು. ಅಜ್ಜಿಗೆ ಅದರಿಂದ ತೊಂದರೆಯಾಯಿತು. ಅವರ ತಟ್ಟೆ ಮುಂದಕ್ಕೆ ಚಾಚಿಕೊಂಡೇ ಇತ್ತು.

“ಏನಂದೆ?”

“ಲಿಫ್ಟ್ ಕೆಲಸ ಕಲೀಬೇಕು ಅಂತ ಇರೋದು ಗಿಣಿಗಲ್ಲ, ನಂಗೆ. ಟ್ರೇನಿಂಗ್ ಸ್ಕೂಲಲ್ಲಿ ಆ ಕೋರ್ಸ್ ಇದೆ. ನೀನೇ ಬೋರ್ಡ್ ಮೇಲೆ ಬರೆದಿದ್ದೆಯಲ್ಲ. ಎತ್ತರದಲ್ಲಿ ಮಾಡೋ ಕೆಲಸ ಆದ್ರಿಂದ ಅಪ್ಪ ಅಮ್ಮ ಇಬ್ರೂ ಖುದ್ದಾಗಿ ಬಂದು ಒಪ್ಪಿಗೆ ಹೇಳಬೇಕಂತೆ. ಬರ್ತೀಯಲ್ಲ?”

ಟೀಚರಮ್ಮ ಸೌಟನ್ನು ಪಾತ್ರೆಗೆ ಹಾಕಿ ಕೂತರು.

“ತಮಾಷೆ ಸಾಕು. ನೀನು ಸೈನ್ಸ್ ತಗೋತೀಯ. ಹೆಡ್‌ಮಾಸ್ತರ ಹತ್ರ ಆಗ್ಲೇ ಮಾತಾಡಿದೀನಿ. ನಮ್ಮ ಸ್ಕೂಲಲ್ಲೇ ಸೀಟು.”

“ನಾನು ಕೇಳಿದ್ದು ಬೇರೆ.”

“ಇಡೀ ಸ್ಕೂಲಿಗೇ ಮೊದಲು ಬರೋ ಹುಡುಗಿ ನೀನು. ಗ್ರೀಸ್ ಮೆತ್ಕೊಂಡು ಲಿಫ್ಟ್ ಕೆಳಗಿನ ಗುಂಡಿಗೆ ಇಳೀತೀಯಾ?”

“ತಲೆ ಇರೋರ ಕೈಗೇ ಸ್ಪ್ಯಾನರ್ ಕೊಡಬೇಕು ಅಂದ್ಯಲ್ಲ, ಮಧ್ಯಾಹ್ನ ಊಟ ಆದ್ಮೇಲೆ. ಇನ್ನೂ ಆ ಊಟವೇ ಜೀರ್ಣ ಆಗಿರಲ್ಲ.”

ಯಜಮಾನರು ಬ್ರೆಡ್ಡಿನ ತುಂಡನ್ನು ಬಾಯಿಗೆ ತುರುಕಿಕೊಂಡರು. ನಗು ಹೊರಗೆ ಬರದಿರಲಿ ಎಂದು ಮಾಡಿದ ಉಪಾಯವದು, ಪೂರ್ತಿ ಫಲಿಸಲಿಲ್ಲ.

“ನೀವು ನಗಬೇಡಿ ಅಂದ್ರೆ,” ಟೀಚರಮ್ಮ ಗಂಡನ ಕಡೆ ತಿರುಗಿದರು. “ಮಗಳು ಬಾಯಿಗೆ ಬಂದ ಹಾಗೆ ಮಾತಾಡ್ತಿದಾಳೆ.”

“ಬಾಯಿಗೆ ಬಂದ ಹಾಗಲ್ಲ ಕಣೇ, ನೀನು ಹೇಳಿದ ಹಾಗೇ ಮಾತಾಡ್ತಿದಾಳೆ,” ಎಂದರು ಅವರು ಮೆಲ್ಲಗೆ.

“ಅದು ತರಗತೀಲಿ ಹೇಳಿದ್ದು. ಅಂಥ ಕೆಲಸಕ್ಕೆಲ್ಲ ಬೇರೆ ಮಕ್ಕಳಿದಾರೆ.”

“ಯಾವ ಬೇರೆ ಮಕ್ಕಳು?” ಕಡ್ಡಿ ಕೇಳಿದಳು.

ಆ ಟ್ರೇನಿಂಗ್ ಸ್ಕೂಲಿಗೆ ವರ್ಷವರ್ಷವೂ ತಾವೇ ಕಳಿಸಿದ ಮಕ್ಕಳ ಮುಖ ಟೀಚರಮ್ಮನಿಗೆ ನೆನಪಿತ್ತು. ಗಿಣಿಯ ಅಣ್ಣನೂ ಅವರಲ್ಲೊಬ್ಬ, ಈಗ ವೆಲ್ಡಿಂಗ್ ಮಾಡುತ್ತಾನೆ. ಅವನ ಅಮ್ಮನನ್ನು ಒಪ್ಪಿಸಲು ಟೀಚರಮ್ಮ ಅವರ ಮನೆಗೇ ಹೋಗಿ ಚಹಾ ಕುಡಿದು ಬಂದಿದ್ದರು.

“ಬೇಳೆ,” ಎಂದರು ಅಜ್ಜಿ, ತಟ್ಟೆ ಇನ್ನೂ ಚಾಚಿಕೊಂಡೇ. “ಯಾರು ಏನು ಬೇಕಾದ್ರೂ ಆಗ್ಲಿ. ನಂಗೆ ಬೇಳೆ ಹಾಕಿ, ಆಮೇಲೆ ಜಗಳ ಆಡಿ.”

“ನಾನು ಬರಲ್ಲ,” ಟೀಚರಮ್ಮ ಎದ್ದರು. “ಇದೇ ಕೊನೇ ಮಾತು.”

“ಸರಿ,” ಎಂದಳು ಕಡ್ಡಿ. “ಹಾಗಾದ್ರೆ ನಾಳೆಯಿಂದ ನಾನು ಟೀಚರ್ ಹತ್ರಾನೇ ಮಾತಾಡ್ತೀನಿ. ಅವರು ಒಳ್ಳೆಯೋರು.”

*

ಅದು ಬರೀ ಬೆದರಿಕೆ ಎಂದುಕೊಂಡಿದ್ದರು ಟೀಚರಮ್ಮ. ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದ ಮಗಳು ಬಾಗಿಲಲ್ಲೇ ನಿಂತು ಕೇಳಿದಳು: “ಟೀಚರ್, ಒಳಗೆ ಬರ್ಲಾ?”

ಅಲ್ಲಿಂದ ಮುಂದೆ ಮನೆಯಲ್ಲಿ ಅಮ್ಮ ಎಂಬ ಮಾತು ನಿಂತುಹೋಯಿತು. ಟೀಚರ್, ಉಪ್ಪು ಕೊಡಿ. ಟೀಚರ್, ನಿಮ್ಮ ಛತ್ರಿ ಬಾಗಿಲ ಹಿಂದೆ ಇದೆ. ಟೀಚರ್, ಬಟ್ಟೆ ಮಡಿಸಿಟ್ಟಿದೀನಿ, ನೋಡ್ಕೊಳ್ಳಿ. ಕೆಲಸ ಒಂದನ್ನೂ ಅವಳು ತಪ್ಪಿಸಲಿಲ್ಲ. ನೀರು ತುಂಬಿದಳು, ಪಾತ್ರೆ ತೊಳೆದಳು, ಐದು ಮಹಡಿ ತರಕಾರಿ ಹೊತ್ತಳು. ಧ್ವನಿ ಎತ್ತಲೂ ಇಲ್ಲ. ಬೈಯೋಣವೆಂದರೆ ಹಿಡಿಯಲು ಎಲ್ಲೂ ಒಂದು ಕೊಂಡಿ ಸಿಗುತ್ತಿರಲಿಲ್ಲ. ಹೆತ್ತ ಮಗಳ ಬಾಯಲ್ಲಿ ‘ನೀವು’ ಅನ್ನಿಸಿಕೊಳ್ಳುವುದು ಎಷ್ಟು ಸಂಕಟದ್ದು ಎಂದು ಟೀಚರಮ್ಮನಿಗೆ ಮೊದಲ ಸಲ ತಿಳಿಯಿತು.

“ಅದೇನು ನಾಟಕ ನಿಂದು? ಅಮ್ಮ ಅನ್ನು,” ಎಂದು ಒಂದು ದಿನ ಈರುಳ್ಳಿ ಹೆಚ್ಚುತ್ತಾ ಗದರಿದರು.

“ಅಮ್ಮ ಬರಲ್ಲ ಅಂತ ನಂಗೆ ಹೇಳಿದಾರೆ ಟೀಚರ್. ನೀವು ಅವರ ಹತ್ರ ಮಾತಾಡ್ತೀನಿ ಅಂದಿದ್ರಿ. ಮಾತಾಡಿದ್ರಾ?”

ಟೀಚರಮ್ಮ ಈರುಳ್ಳಿಯ ಮೇಲೆ ಸಿಟ್ಟು ತೀರಿಸಿಕೊಂಡರು.

ಯಜಮಾನರು ಯಾರ ಪಕ್ಷವನ್ನೂ ಹಿಡಿಯದೆ ಎರಡೂ ಕಡೆ ಬ್ರೆಡ್ಡು ಹಂಚಿದರು. ಒಂದು ಸಂಜೆ ಮಾತ್ರ, ಕೈಯ ಸುಟ್ಟ ಕಲೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: “ನನ್ನ ಕೆಲಸಾನೂ ಕೈಕೆಲಸಾನೇ ಅಲ್ವೇನೇ? ನನ್ನ ಮದುವೆ ಆಗೋವಾಗ ನಿಂಗೆ ಅದು ಕಾಣ್ಲಿಲ್ವಾ?”

“ಅದು ಬೇರೆ ರೀ.”

“ಬೇರೆ, ಬೇರೆ. ಈ ಮನೇಲಿ ಇತ್ತೀಚೆಗೆ ಎಲ್ಲಾನೂ ಬೇರೇನೇ,” ಎಂದು ಅವರು ದೀಪ ಆರಿಸಿ ಮಲಗಿದರು.

ಅಜ್ಜಿಯ ಸಿಟ್ಟು ಇನ್ನೊಂದು ದಿಕ್ಕಿನದು. ಮಂಡಿ ನೋವಿನಿಂದ ಮೆಟ್ಟಿಲಿಳಿಯಲಾಗದೆ ಅವರು ಮನೆಯಲ್ಲೇ ಕೈದಿಯಾಗಿದ್ದರು. ಕೆಳಗಿನ ಬೆಂಚಿನಲ್ಲಿ ಕೂತು ಹೋಗಿಬರುವವರ ಮೇಲೆ ಟೀಕೆ ಮಾಡುವುದು ಅವರ ಜೀವನದ ದೊಡ್ಡ ಸುಖವಾಗಿತ್ತು. ಈಗ ಟೀಕೆಗೆ ಸಿಗುತ್ತಿದ್ದವರು ಸೊಸೆಯೊಬ್ಬರೇ.

“ಒಂದು ಲಿಫ್ಟ್ ಸರಿ ಮಾಡೋ ಗತಿಯಿಲ್ಲ ಈ ಕಟ್ಟಡಕ್ಕೆ. ಮಾಡ್ತೀನಿ ಅಂತ ಮನೇಲೇ ಒಬ್ಳು ಎದ್ದು ನಿಂತ್ರೆ ಅವಳ ಕಾಲು ಎಳೀತಿದೀಯ.”

“ನಿಮಗೆ ಗೊತ್ತಾಗಲ್ಲ ಅತ್ತೆ. ಅವಳ ಭವಿಷ್ಯದ ಪ್ರಶ್ನೆ.”

“ನಂಗೆ ಭವಿಷ್ಯ ಗೊತ್ತಿಲ್ಲ ಕಣಮ್ಮಾ. ನೀನು ಗೊತ್ತು. ಲಿಫ್ಟ್ ಸರಿಯಿದ್ದಾಗ ನನ್ನ ಒಬ್ಳನ್ನೇ ಅದರೊಳಗೆ ತಳ್ಳಿ ನೀನು ಮೆಟ್ಟಿಲ ಮೇಲೆ ಓಡಿ ಬರ್ತಿದ್ದೆಯಲ್ಲ, ನನ್ನ ಕಣ್ಣಿಗೆ ಪೊರೆ ಬಂದಿದ್ರೂ ಅಷ್ಟು ಕಾಣುತ್ತೆ.”

ಟೀಚರಮ್ಮ ಔಷಧಿಯ ಲೋಟ ಮುಂದಿಟ್ಟರು.

*

ಕೊನೆಗೊಂದು ರಜಾದಿನ ಲಿಫ್ಟ್ ಮೆಕ್ಯಾನಿಕ್ ಬಂದ. ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಅವನಿದ್ದಾನೆ ಎಂದು ತಿಳಿದಾಗ ಟೀಚರಮ್ಮನಿಗೆ ಒಂದು ಯೋಚನೆ ಬಂತು. ಈ ಕೆಲಸ ಎಷ್ಟು ಕೆಟ್ಟದ್ದೆಂದು ಕೆಲಸದವನ ಬಾಯಿಂದಲೇ ಕೇಳಿಸಿದರೆ ಮಗಳ ಹಟ ಇಳಿದೀತು. ಕಡ್ಡಿಯ ಕೈಹಿಡಿದು ತಾರಸಿಗೆ ಕರೆದೊಯ್ದರು.

ಕೋಣೆಯ ನೆಲದಲ್ಲಿ ಉಕ್ಕಿನ ಹಗ್ಗಗಳು ಕೆಳಗಿಳಿಯುವ ತೂತುಗಳಿದ್ದವು. ಅವುಗಳಿಂದ ತಣ್ಣನೆಯ ಗಾಳಿ ಮೇಲೆ ಬರುತ್ತಿತ್ತು. ಟೀಚರಮ್ಮ ಹೊಸ್ತಿಲಿನ ಈಚೆಗೇ ನಿಂತು ಚೌಕಟ್ಟನ್ನು ಹಿಡಿದುಕೊಂಡರು. ಕಡ್ಡಿ ಒಳಗೆ ಹೋಗಿ ಬಗ್ಗಿ ನೋಡಿದಳು.

“ನನ್ನ ಮಗಳು ಈ ಕೆಲಸ ಕಲೀತೀನಿ ಅಂತಾಳೆ. ಇದರ ಕಷ್ಟ ಏನು ಅಂತ ಸ್ವಲ್ಪ ಹೇಳಿ ಇವಳಿಗೆ.”

ಮೆಕ್ಯಾನಿಕ್ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

“ಇವಳಾ? ಹೆಣ್ಮಕ್ಕಳಿಗೆ ಆಗೋ ಕೆಲಸ ಅಲ್ಲಮ್ಮ ಇದು. ತೋಳಲ್ಲಿ ಬಲ ಬೇಕು, ತಲೇಲಿ ಲೆಕ್ಕ ಬೇಕು. ಹುಡುಗೀರು ಕೆಳಗೆ ನೋಡಿದ್ರೆ ತಲೆ ಸುತ್ತಿ ಬೀಳ್ತಾರೆ. ಯಾವುದಾದ್ರೂ ಆಫೀಸಲ್ಲಿ ಕೂರಿಸಿ, ಇಲ್ಲಾಂದ್ರೆ ಮದುವೆ ಮಾಡಿ.”

ಟೀಚರಮ್ಮ ಕೇಳಿಸಲು ಕರೆತಂದದ್ದು ಇಂಥದನ್ನೇ. ಆದರೆ ಇಪ್ಪತ್ತು ವರ್ಷದಿಂದ ಅಪ್ಪಂದಿರ ಬಾಯಲ್ಲಿ ಈ ಮಾತು ಕೇಳಿ ಕೇಳಿ, ಅದಕ್ಕೆ ತಿರುಗಿ ಉತ್ತರ ಕೊಡುವುದು ಅವರ ನಾಲಗೆಗೆ ರೂಢಿಯಾಗಿಬಿಟ್ಟಿತ್ತು.

“ತಲೇಲಿ ಲೆಕ್ಕ ಬೇಕಾ? ಲೆಕ್ಕದಲ್ಲಿ ಇವಳನ್ನ ಮೀರಿಸೋ ಗಂಡುಹುಡುಗ ಇಡೀ ಸ್ಕೂಲಲ್ಲಿ ಒಬ್ಬ ಇದ್ರೆ ತೋರ್ಸಿ. ಈಗ ಕೆಳಗೆ ಬಗ್ಗಿ ನೋಡ್ತಿದಾಳಲ್ಲ, ತಲೆ ಸುತ್ತಿತಾ? ಐದು ಮಹಡಿ ಸಿಲಿಂಡರ್ ಎತ್ತೋಕೆ ಅಪ್ಪನ ಜೊತೆ ಕೈ ಕೊಟ್ಟೋಳು ಇವಳೇ. ನೀವು ಲಿಫ್ಟ್ ಸರಿ ಇಟ್ಟಿದ್ರೆ ಆ ಬಲ ಬರ್ತಾನೇ ಇರ್ಲಿಲ್ಲ. ಹೆಣ್ಮಕ್ಕಳಿಗೆ ಆಗಲ್ವಂತೆ. ಯಾರ್ರೀ ಹೇಳಿದ್ದು ನಿಮಗೆ?”

ಮೆಕ್ಯಾನಿಕ್ ಬೆಪ್ಪಾದ. “ಬೇಡ ಅಂತ ಹೇಳಿ ಅಂದಿದ್ದು ನೀವೇ ಅಲ್ವೇನಮ್ಮ?”

“ಕಷ್ಟ ಹೇಳಿ ಅಂದೆ. ಸೊಕ್ಕು ತೋರ್ಸಿ ಅಂದಿಲ್ಲ.”

ಮೆಟ್ಟಿಲಿಳಿಯುವಾಗ ಕಡ್ಡಿ ಹಿಂದಿನಿಂದ ಕೇಳಿದಳು: “ಹಾಗಾದ್ರೆ ಬರ್ತೀರಾ ಟೀಚರ್?”

“ಇಲ್ಲ,” ಎಂದರು ಟೀಚರಮ್ಮ. ಆ ‘ಇಲ್ಲ’ಕ್ಕೆ ಮೊದಲಿದ್ದ ಗಟ್ಟಿತನ ಇರಲಿಲ್ಲ. ಅದು ಇಬ್ಬರಿಗೂ ಕೇಳಿಸಿತು.

*

ಶಾಲೆಯಲ್ಲಿ ಪೋಷಕರ ದಿನ ಬಂತು. ಅಂದು ಜಗಲಿಯಲ್ಲಿ ಟೀಚರಮ್ಮನದೊಂದು ಮೇಜು, ಎದುರಿಗೆ ಪೋಷಕರಿಗೊಂದು ಕುರ್ಚಿ. ಮಕ್ಕಳ ಕೈಹಿಡಿದು ಅಪ್ಪ ಅಮ್ಮಂದಿರು ಸಾಲಿನಲ್ಲಿ ನಿಂತಿದ್ದರು. ಹೆಡ್‌ಮಾಸ್ತರು ಪಕ್ಕದಲ್ಲೇ ಓಡಾಡುತ್ತಾ, ಒಳ್ಳೆಯ ಅಂಕದ ಮಕ್ಕಳು ಕಂಡರೆ ತಮ್ಮ ಶಾಲೆಯ ಮುಂದಿನ ತರಗತಿಗಳ ಗುಣಗಾನ ಮಾಡುತ್ತಿದ್ದರು.

ಟ್ರೇನಿಂಗ್ ಸ್ಕೂಲಿನ ಸಂದರ್ಶನ ಮರುದಿನವೇ ಇತ್ತು. ಅಂದು ತಪ್ಪಿದರೆ ಆ ವರ್ಷದ ಮಟ್ಟಿಗೆ ತಪ್ಪಿದಂತೆಯೇ. ಟೀಚರಮ್ಮನಿಗೆ ಅದು ಗೊತ್ತಿತ್ತು. ಹೇಗಾದರೂ ಈ ಒಂದು ದಿನ ಸರಿದುಹೋದರೆ ಸಾಕು ಎಂದುಕೊಂಡು ಕಾಗದಗಳತ್ತ ತಲೆ ತಗ್ಗಿಸಿ ಕೂತಿದ್ದರು.

“ಮುಂದಿನವರು ಬನ್ನಿ,” ಎಂದು ತಲೆಯೆತ್ತಿದರೆ ಎದುರಿಗೆ ಕಡ್ಡಿ ನಿಂತಿದ್ದಳು. ಅವಳ ಒಂದು ಪಕ್ಕದಲ್ಲಿ ಹುಬ್ಬಿನಲ್ಲಿ ಇನ್ನೂ ಹಿಟ್ಟು ಉಳಿದಿದ್ದ ಯಜಮಾನರು. ಇನ್ನೊಂದು ಪಕ್ಕದಲ್ಲಿ ಏದುಸಿರು ಬಿಡುತ್ತಾ, ಕೋಲೂರಿ, ಅಜ್ಜಿ.

“ಅತ್ತೆ, ನೀವು ಹೇಗೆ ಬಂದ್ರಿ?” ಟೀಚರಮ್ಮ ಎದ್ದೇಬಿಟ್ಟರು. ಮೆಕ್ಯಾನಿಕ್ ಸರಿಮಾಡಿ ಹೋದ ಲಿಫ್ಟು ಎರಡೇ ದಿನಕ್ಕೆ ಮತ್ತೆ ನಿಂತಿತ್ತು.

“ಮಹಡಿಗೆ ಒಂದ್ಸಲ ಕೂತು, ಮಹಡಿಗೆ ಒಂದ್ಸಲ ಬೈದು ಬಂದೆ. ನನ್ನ ಮಾತು ಬಿಡು, ಮಗು ಏನೋ ಹೇಳಬೇಕಂತೆ, ಕೇಳು.”

ಕಡ್ಡಿ ಕೈಕಟ್ಟಿ ನಿಂತಳು. “ಟೀಚರ್, ಅಮ್ಮನ್ನ ಕರ್ಕೊಂಡು ಬಾ, ಮಾತಾಡ್ತೀನಿ ಅಂದಿದ್ರಿ. ಮನೇಲಿ ಎಲ್ರೂ ಬಂದಿದಾರೆ. ಅಮ್ಮ ನಿಮ್ಮ ಕುರ್ಚಿ ಹತ್ರಾನೇ ಇದಾರೆ. ಈಗ ಮಾತಾಡಿ.”

ಸಾಲಿನಲ್ಲಿ ಯಾರೋ ನಕ್ಕರು. ಹೆಡ್‌ಮಾಸ್ತರು ಹತ್ತಿರ ಬಂದು ವಿಷಯ ಕೇಳಿದರು. ಕಡ್ಡಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಅವರು ಮಗುವಿನ ತಲೆ ಸವರಿ, ಟೀಚರಮ್ಮನ ಕಡೆ ತಿರುಗಿ, ಧಾರಾಳವಾಗಿ ಧ್ವನಿಯೆತ್ತಿ ಮಾತಾಡಿದರು.

“ಇದೆಲ್ಲ ವಯಸ್ಸಿನ ಹುಡುಗಾಟ, ತಲೆ ಕೆಡಿಸ್ಕೋಬೇಡಿ. ಇವಳ ಫೋಟೊ ನಮ್ಮ ಗೇಟಿನ ಮೇಲೆ ಹಾಕೋದು ಅಂತ ಆಗಿದೆ. ಅಂಥ ಕೆಲಸಕ್ಕೆಲ್ಲ ಬೇರೆ ಮಕ್ಕಳಿದಾರಲ್ಲ.”

ಟೀಚರಮ್ಮನಿಗೆ ಅದು ತಮ್ಮದೇ ಮಾತು ಎಂದು ಕೂಡಲೇ ಗುರುತು ಹತ್ತಿತು. ಮನೆಯಲ್ಲಿ, ಬೇಳೆಯ ಪಾತ್ರೆಯ ಮುಂದೆ ಆಡಿದ ಮಾತು. ಅಲ್ಲಿ ಅದನ್ನು ಕೇಳಿಸಿಕೊಂಡಿದ್ದವರು ಮನೆಯವರು ಮಾತ್ರ. ಇಲ್ಲಿ ಸಾಲಿಗೆ ಸಾಲೇ ಕೇಳಿಸಿಕೊಂಡಿತು. ಕಡ್ಡಿಯ ಹಿಂದೆಯೇ ಗಿಣಿ ನಿಂತಿದ್ದಳು, ಅವಳ ಹಿಂದೆ ಅವಳ ಅಪ್ಪ ಪೇಂಟರ್. ಆತ ಏನೂ ಕೇಳಿಸದವನಂತೆ ಉಗುರಿನ ಸಂದಿಯ ಬಣ್ಣ ಕೆರೆದುಕೊಳ್ಳುತ್ತಿದ್ದ. ಟೀಚರಮ್ಮನಿಗೆ ಮೈಯೆಲ್ಲ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

“ಬೇರೆ ಮಕ್ಕಳು ಅಂದ್ರೆ ಯಾರು ಸರ್?”

“ಅಂದ್ರೆ… ನಿಮಗೆ ಗೊತ್ತಿಲ್ವೇ?”

“ಗೊತ್ತಿದೆ ಅಂದ್ಕೊಂಡಿದ್ದೆ. ಮನೇಲಿ ನಾನೂ ಇದೇ ಮಾತು ಆಡಿದೀನಿ. ಇಲ್ಲಿ ನಿಂತಿರೋರ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳೋಕೆ ನನ್ನ ಕೈಲಾಗಲ್ಲ. ನೀವು ಹೇಳ್ತೀರಾ?”

ಹೆಡ್‌ಮಾಸ್ತರು ಕೊರಳಪಟ್ಟಿ ಸಡಿಲಿಸಿಕೊಂಡರು. “ಇದು ಮನೇಲಿ ಕೂತು ಯೋಚನೆ ಮಾಡೋ ವಿಷಯ…”

“ಮನೆಯೇ ಇಲ್ಲಿಗೆ ಬಂದು ನಿಂತಿದೆಯಲ್ಲ ಸರ್.”

ಟೀಚರಮ್ಮ ಮೇಜನ್ನು ಸುತ್ತಿ ಈಚೆ ಬಂದರು. ಪೋಷಕರ ಕುರ್ಚಿಯಲ್ಲಿ ಕೂತರು. ಅವರದೇ ಕುರ್ಚಿ ಈಗ ಎದುರಿಗೆ ಖಾಲಿಯಾಗಿತ್ತು. ಅದನ್ನೊಮ್ಮೆ ನೋಡಿ ಮಗಳತ್ತ ತಿರುಗಿದರು.

“ನಿಮ್ಮಮ್ಮನ ಜೊತೆ ಮಾತಾಡಿದೆ. ಮೊಂಡು ಹೆಂಗಸು. ಹೆದರುಪುಕ್ಕಲಿ ಬೇರೆ. ಆದ್ರೂ ನಾಳೆ ಬರ್ತಾರಂತೆ.”

“ಸತ್ಯವಾಗ್ಲೂ?”

“ಬರ್ತಾರಂತೆ ಅಷ್ಟೆ. ಹೆದರಿಕೆ ಹೋಗಿದೆ ಅಂತ ನಾನು ಹೇಳ್ಲಿಲ್ಲ.”

ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು. “ಅಂತೂ ನನ್ನ ಮಂಡಿ ದಂಡವಾಗ್ಲಿಲ್ಲ. ಈಗ ಯಾರು ನನ್ನ ಮೇಲೆ ಹತ್ತಿಸ್ತೀರಿ ಅಂತ ಅದನ್ನೂ ಇಲ್ಲೇ ತೀರ್ಮಾನ ಮಾಡಿ.”

ಹೆಡ್‌ಮಾಸ್ತರು ತಮ್ಮ ಕೋಣೆಗೆ ಹೋದರು. ಸೋಮವಾರ ಬಂದು ಕಾಣಬೇಕು ಎಂದು ಜವಾನನ ಕೈಯಲ್ಲಿ ಹೇಳಿ ಕಳಿಸಿದರು. ಕಾಣುತ್ತೇನೆ ಎಂದು ಟೀಚರಮ್ಮ ಅವನ ಕೈಯಲ್ಲೇ ಉತ್ತರ ಕಳಿಸಿ, ಮತ್ತೆ ತಮ್ಮ ಕುರ್ಚಿಗೆ ಹೋಗಿ ಕೂತು, “ಬನ್ನಿ,” ಎಂದು ಪೇಂಟರನನ್ನು ಕರೆದರು.

*

ಟ್ರೇನಿಂಗ್ ಸ್ಕೂಲಿನ ದೊಡ್ಡ ಕೊಠಡಿಯಲ್ಲಿ ಎಣ್ಣೆ ಮತ್ತು ಕಬ್ಬಿಣದ ವಾಸನೆ. ಬೆಂಚುಗಳ ಮೇಲೆ ಹುಡುಗರು, ಅವರ ಅಪ್ಪ ಅಮ್ಮಂದಿರು. ಹುಡುಗಿ ಎಂದು ಇದ್ದವಳು ಕಡ್ಡಿಯೊಬ್ಬಳೇ. ಮೂಲೆಯಲ್ಲಿ ಕಲಿಯುವವರಿಗಾಗಿ ನಿಲ್ಲಿಸಿದ್ದ ಬಾಗಿಲಿಲ್ಲದ ಲಿಫ್ಟೊಂದು ಹಗ್ಗಕ್ಕೆ ತೂಗಿಕೊಂಡಿತ್ತು. ಟೀಚರಮ್ಮ ಅದರ ಕಡೆ ನೋಡದಂತೆ ಕೂತರು. ಹಾಗೆ ಕೂತಿದ್ದರಿಂದಲೇ ಅದು ಇನ್ನಷ್ಟು ಕಣ್ಣಿಗೆ ಬೀಳುತ್ತಿತ್ತು.

ದಪ್ಪ ಮೀಸೆಯ ತರಬೇತುದಾರರು ಕೆಲಸದ ವಿವರ ಹೇಳಿದರು. ಮಾತು ಮುಗಿಸಿ, “ಪೋಷಕರು ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳಿಬಿಡಿ. ಒಪ್ಪಿಗೆ ಹೇಳಿದ್ಮೇಲೆ ಹಿಂದೆ ಸರಿಯೋ ಹಾಗಿಲ್ಲ,” ಎಂದರು.

ಯಾರೂ ಏಳಲಿಲ್ಲ. ಟೀಚರಮ್ಮನ ಗಂಟಲಲ್ಲಿ ಪ್ರಶ್ನೆಯೊಂದು ಕೂತಿತ್ತು. ಎಷ್ಟೋ ವರ್ಷಗಳಿಂದ, ಮೆಟ್ಟಿಲು ಹತ್ತುವಾಗಲೆಲ್ಲ, ಅದು ಅಲ್ಲೇ ಕೂತಿತ್ತು. ಅಷ್ಟು ಜನರ ಮುಂದೆ ಅದನ್ನು ಕೇಳುವುದೆಂದರೆ ನಾಚಿಕೆ. ನಕ್ಕರೆ ಎಂಬ ಅಂಜಿಕೆ. ಬೆರಳುಗಳು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ, ಮತ್ತೆ ಸುತ್ತಿದವು. ಕಡ್ಡಿ ಆ ಬೆರಳುಗಳನ್ನೇ ನೋಡುತ್ತಿದ್ದಳು.

ಅವಳು ಎದ್ದು ನಿಂತಳು.

“ಸರ್, ಒಂದು ಪ್ರಶ್ನೆ. ಮೇಲೆ ಕೆಲಸ ಮಾಡ್ತಿರೋವಾಗ ಲಿಫ್ಟಿನ ಹಗ್ಗ ಕಿತ್ತುಹೋದ್ರೆ ಏನಾಗುತ್ತೆ?”

ಹುಡುಗರ ಬೆಂಚು ನಕ್ಕಿತು. ತರಬೇತುದಾರರೂ ಮೀಸೆಯೊಳಗೆ ನಕ್ಕು, ಅಕ್ಕಪಕ್ಕದ ಅಪ್ಪಂದಿರ ಕಡೆ ನೋಡಿದರು. “ಹುಡುಗಿ ಅಲ್ವಾ, ಹೆದರಿಕೆ ಸಹಜ. ಇಷ್ಟಕ್ಕೇ ಹೆದರೋದಾದ್ರೆ ಈ ಕೆಲಸ ಯಾಕಮ್ಮ ನಿಂಗೆ? ಕೂತ್ಕೋ.”

ಪ್ರಶ್ನೆ ನನ್ನದಲ್ಲ ಎಂದು ಕಡ್ಡಿ ಹೇಳಲಿಲ್ಲ. ಕಾನೂನು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರಶ್ನೆ ಯಾರದೆಂದು ಹೇಳುವ ಹಾಗಿಲ್ಲ. ನಗುವವರಿದ್ದರೆ ಆ ನಗುವನ್ನು ಪ್ರಶ್ನೆ ಕೇಳಿದವರೇ ಹೊರಬೇಕು. ಅವಳು ಅದನ್ನು ಹೊತ್ತುಕೊಂಡು ನೆಟ್ಟಗೆ ನಿಂತಿದ್ದಳು.

ಟೀಚರಮ್ಮ ಎದ್ದರು. ಯಜಮಾನರು ಕೈ ಚಾಚಿದರೂ ಅವರು ಹಿಡಿದುಕೊಳ್ಳಲಿಲ್ಲ.

“ಸರ್, ಹೆದರಿರೋದು ಅವಳಲ್ಲ. ಆ ಪ್ರಶ್ನೆ ನಂದು,” ಎಂದರು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ಧ್ವನಿ. “ನಾನು ಮೂವತ್ತು ಮಕ್ಕಳ ಮುಂದೆ ಧೈರ್ಯ ಹೇಳೋ ಹೆಂಗಸು, ನಮ್ಮ ಮನೆ ಲಿಫ್ಟ್ ಒಂದು ದಿನವೂ ಹತ್ತಿದೋಳಲ್ಲ. ಅವಳ ಕಡೆ ನೋಡಿ ನಗಬೇಡಿ. ನನ್ನ ಕಡೆ ನೋಡಿ ಉತ್ತರ ಹೇಳಿ.”

ತರಬೇತುದಾರರು ಗಂಟಲು ಸರಿಮಾಡಿಕೊಂಡು, ಈ ಸಲ ನಗದೆ, ಒಂದು ಹಗ್ಗ ಹೋದರೆ ಉಳಿದವು ಹೇಗೆ ಹಿಡಿಯುತ್ತವೆ, ಎಲ್ಲವೂ ಹೋದರೆ ಬ್ರೇಕು ಪಕ್ಕದ ಹಳಿಯನ್ನು ಹೇಗೆ ಕಚ್ಚುತ್ತದೆ ಎಂದು ಮೂಲೆಯ ಲಿಫ್ಟನ್ನು ತೋರಿಸಿ ವಿವರಿಸತೊಡಗಿದರು. ಟೀಚರಮ್ಮ ಈಗ ಅದರ ಕಡೆ ನೇರವಾಗಿ ನೋಡುತ್ತಿದ್ದರು.

“ಅರ್ಥ ಆಯ್ತಾ ಅಮ್ಮ?” ಕಡ್ಡಿ ಮೆಲ್ಲಗೆ ಕೇಳಿದಳು. “ಈಗ ನೀನು ಕೂತ್ಕೋ.”

“ನೀನು ಕೂತ್ಕೋ,” ಎಂದರು ಟೀಚರಮ್ಮ. “ನಂಗೆ ಇನ್ನೂ ಕೇಳೋದಿದೆ.”